ಎಂಜಿನ್ ಬಾರದೆ ಉಳಿದ ವಿಮಾನಗಳು

(ಬಾನುಲಿ ಭಾಷಣ)



1943ರ ಆರಂಭ. ಇಟಲಿಯ ವಾಯುಸೇನೆ ಒಂದು ಹೊಸ ಯುದ್ಧವಿಮಾನಕ್ಕೆ ಆರ್ಡರ್ ಕೊಟ್ಟಿತು. ಹತ್ತಲ್ಲ, ನೂರಲ್ಲ, ಮೂರು ಸಾವಿರ ವಿಮಾನಗಳಿಗೆ. ವಿಮಾನದ ಹೆಸರು ಎಸ್.ಎ.ಐ. 403. ಅದಕ್ಕೆ 'ದಾರ್ದೊ' ಎಂಬ ಇನ್ನೊಂದು ಹೆಸರೂ ಇತ್ತು. ಮೂರು ಕಂಪನಿಗಳು ಸೇರಿ ಅದನ್ನು ತಯಾರಿಸಬೇಕೆಂದು ನಿಗದಿಯಾಯಿತು. ಆ ಮೂರು ಸಾವಿರದಲ್ಲಿ ಸೇನೆಯ ಕೈಗೆ ಬಂದದ್ದು ಎಷ್ಟು ಗೊತ್ತೆ? ಒಂದೂ ಇಲ್ಲ. ಪರೀಕ್ಷೆಗೆಂದು ಕಟ್ಟಿದ್ದ ಒಂದೇ ಒಂದು ಮಾದರಿ ಹಾರಿತ್ತು, ಅಷ್ಟೆ.

ಅದೇ ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೂ ಯುದ್ಧವಿಮಾನ ಕಟ್ಟುವ ಕೆಲಸ ಶುರುವಾಗಿತ್ತು. ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಗೆ 48 ಹಾಕ್ ಫೈಟರ್‌ಗಳನ್ನು ಕಟ್ಟಿಕೊಡಬೇಕೆಂದು ಆರ್ಡರ್ ಬಂದಿತ್ತು. ಕೆಲವು ಮಾತ್ರ ಸಿದ್ಧವಾಗಿ ಹಾರಿದವು. ಉಳಿದವು ಕಾಗದದಲ್ಲೇ ಉಳಿದವು.

ಇಟಲಿಯ ಕಥೆ ನಮಗೇಕೆ, ಬೆಂಗಳೂರಿನ ಕಥೆಯಾದರೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಏಕೆ ಎಂದು ನೀವು ಕೇಳಬಹುದು. ಬೆಂಗಳೂರಿನ ಕಾರ್ಖಾನೆಯಲ್ಲಿ ನಿಮ್ಮ ಹಿರಿಯರ ದುಡ್ಡಿತ್ತು. ಆ ಕಂಪನಿಗೆ ಮೈಸೂರು ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳ ಹಾಕಿತು, ಜಮೀನನ್ನೂ ಕೊಟ್ಟಿತು. ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದದ್ದು ಎಲ್ಲಿಂದ? ಎಡತೊರೆ ಅಂದರೆ ಕೆ.ಆರ್. ನಗರ ಸೀಮೆಯ ಗದ್ದೆಗಳ ಕಂದಾಯದಿಂದ, ಹೆಗ್ಗಡದೇವನಕೋಟೆಯಂಥ ಕಾಡುಗಳ ಮರದ ಹುಟ್ಟುವಳಿಯಿಂದ. ಇನ್ನು ಬೆಂಗಳೂರಿನ ಕಾರ್ಖಾನೆಗಳ ಯಂತ್ರ ತಿರುಗಿಸಿದ ವಿದ್ಯುತ್ತು ಶಿವನಸಮುದ್ರದ್ದು. ಬೇಸಿಗೆಯಲ್ಲೂ ಅಲ್ಲಿಗೆ ನೀರು ಕಡಿಮೆಯಾಗದಂತೆ ನೋಡಿಕೊಂಡದ್ದು ಕನ್ನಂಬಾಡಿ ಕಟ್ಟೆ. ಆ ಕಟ್ಟೆಯ ಹಿನ್ನೀರು ಕೆ.ಆರ್. ನಗರದ ಕಡೆಗೇ ಚಾಚಿಕೊಂಡಿದೆ. ಆದ್ದರಿಂದ ಈ ಲೆಕ್ಕ ಕೇಳುವ ಹಕ್ಕು ನಿಮಗಿದೆ.

ಮೊದಲು ಇಟಲಿಯ ವಿಷಯ ನೋಡೋಣ.

ಇಟಲಿ ಯುದ್ಧಕ್ಕೆ ಇಳಿದದ್ದು 1940ರ ಜೂನ್ 10ರಂದು. ಆಗ ಅದರ ಸೇನೆಯಲ್ಲಿ ಹೆಚ್ಚಾಗಿದ್ದ ಫೈಟರ್‌ಗಳಲ್ಲಿ ಒಂದು ಫಿಯೆಟ್ ಕಂಪನಿಯ ಸಿ.ಆರ್. 42. ಅದು ಎರಡು ಅಂತಸ್ತಿನ ರೆಕ್ಕೆಯ ವಿಮಾನ. ಪೈಲಟ್ ಕೂರುವ ಜಾಗಕ್ಕೆ ಮುಚ್ಚಳವೂ ಇರಲಿಲ್ಲ. ಇಟಲಿಯವರಿಗೆ ವಿಮಾನ ರೂಪಿಸಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಮಾಕ್ಕಿ ಕಂಪನಿಯ ಮಾರಿಯೋ ಕಾಸ್ತೋಲ್ದಿ ಜಗತ್ತಿನ ಅತಿ ವೇಗದ ಸಮುದ್ರವಿಮಾನಗಳನ್ನು ಮಾಡಿದವನು. ಅವನ ತಂಡದವರು 1934ರಲ್ಲಿ ಗಂಟೆಗೆ 709 ಕಿಲೋಮೀಟರ್ ವೇಗದ ದಾಖಲೆ ಸ್ಥಾಪಿಸಿದ್ದರು. ಕೊರತೆಯಿದ್ದದ್ದು ಎಂಜಿನ್ನಿನಲ್ಲಿ. ಮಾಕ್ಕಿ 200 ಎಂಬ ಫೈಟರ್‌ಗೆ ಸಿಕ್ಕಿದ್ದು 840 ಅಶ್ವಶಕ್ತಿಯ ಫಿಯೆಟ್ ಎಂಜಿನ್. ಅದೇ ಹೊತ್ತಿಗೆ ಬ್ರಿಟಿಷರ, ಜರ್ಮನರ ಎಂಜಿನ್‌ಗಳು ಸಾವಿರ ಅಶ್ವಶಕ್ತಿ ದಾಟಿದ್ದವು.

ಕಾಸ್ತೋಲ್ದಿ ಏನು ಮಾಡಿದ? ತನ್ನ ಹಳೆಯ ವಿಮಾನದ ಮೂತಿ ಬದಲಿಸಿ, ಜರ್ಮನಿಯ ಡೈಮ್ಲರ್-ಬೆನ್ಜ್ ಎಂಜಿನ್ ಕೂರಿಸಿದ. ರೆಕ್ಕೆ ಅದೇ, ಬಾಲ ಅದೇ. ಗಂಟೆಗೆ 500 ಕಿಲೋಮೀಟರ್ ಆಸುಪಾಸು ಹಾರುತ್ತಿದ್ದ ವಿಮಾನ 600ರ ಹತ್ತಿರಕ್ಕೆ ಹೋಯಿತು. ಅದೇ ಮಾಕ್ಕಿ 202. ಫೈಟರ್ ವಿಮಾನದಲ್ಲಿ ಯಾವುದು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಎಂಜಿನ್ನನ್ನು ಇಟಲಿಯಲ್ಲಿ ಲೈಸೆನ್ಸ್ ಪಡೆದು ಮಾಡುತ್ತಿದ್ದ ಆಲ್ಫಾ ರೋಮಿಯೋ ಕಾರ್ಖಾನೆಗೆ ಬೇಕಾದಷ್ಟು ಒದಗಿಸಲು ಆಗಲಿಲ್ಲ. ವಿಮಾನದ ಮೈ ಸಿದ್ಧವಾಗಿ ನಿಂತು ಎಂಜಿನ್ನಿಗಾಗಿ ಕಾಯುವ ಪರಿಸ್ಥಿತಿ ಬಂತು. ಬಂಡಿಯನ್ನೇನೋ ಚೆನ್ನಾಗಿ ಮಾಡಿಸಿಟ್ಟರು, ಎತ್ತು ಮಾತ್ರ ನೆರೆಯವನ ಕೊಟ್ಟಿಗೆಯಲ್ಲಿತ್ತು.

ಇಲ್ಲಿ ಬರುತ್ತಾನೆ ಸೆರ್ಜಿಯೋ ಸ್ತೆಫಾನುತ್ತಿ ಎಂಬ ಎಂಜಿನಿಯರ್. ಇಟಲಿಯ ನಡುಭಾಗದಲ್ಲಿ ತ್ರಾಸಿಮೇನೋ ಎಂಬ ದೊಡ್ಡ ಕೆರೆಯಿದೆ. ಅದರ ದಡದ ಪಸ್ಸಿನ್ಯಾನೋ ಎಂಬ ಊರಿನಲ್ಲಿದ್ದ ಅಂಬ್ರೊಸೀನಿ ಕಂಪನಿಗೆ ಅವನು ವಿಮಾನ ರೂಪಿಸುತ್ತಿದ್ದ. ದೊಡ್ಡ ಎಂಜಿನ್ ಸಿಗುವುದಿಲ್ಲವೆ? ಹಾಗಾದರೆ ವಿಮಾನವನ್ನೇ ಚಿಕ್ಕದು ಮಾಡೋಣ, ಹಗುರ ಮಾಡೋಣ ಎಂದ. ಅಲ್ಯುಮಿನಿಯಂ ಕೊರತೆಯೆ? ಹಾಗಾದರೆ ಮರದಲ್ಲಿ ಕಟ್ಟೋಣ ಎಂದ. ಪ್ರವಾಸಕ್ಕೂ ಪಂದ್ಯಕ್ಕೂ ಆಗುವಂಥ ಒಂದು ಪುಟ್ಟ ವಿಮಾನ ಅವನ ಕೈಯಲ್ಲಿ ಮೊದಲೇ ಇತ್ತು. ಅದನ್ನೇ ಬೆಳೆಸುತ್ತ 107, ಆಮೇಲೆ 207, ಕೊನೆಗೆ 403 ಎಂದು ಹೋದ. ಎಂಜಿನ್ 750 ಅಶ್ವಶಕ್ತಿಯ ಇಸೋತ್ತಾ ಫ್ರಾಸ್ಕಿನಿ, ಇಟಲಿಯದ್ದೇ. ಅಷ್ಟು ಸಣ್ಣ ಎಂಜಿನ್ನಿಗೆ ಈ ಮರದ ವಿಮಾನ ಗಂಟೆಗೆ ಸುಮಾರು 650 ಕಿಲೋಮೀಟರ್ ಹಾರಿತು. ಎರಡರಷ್ಟು ಶಕ್ತಿಯ ಎಂಜಿನ್ನಿದ್ದ ಲೋಹದ ಫೈಟರ್‌ಗಳ ಜೊತೆ ಸರಿಸಮ ನಿಲ್ಲುವ ವೇಗ ಅದು. ಸೇನೆಯವರು ಮೂರು ಸಾವಿರ ಬೇಕೆಂದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹಗುರ ಮಾಡುವುದಕ್ಕೂ ಬೆಲೆ ತೆರಬೇಕು. ಹಗುರವಾದ ಮಾದರಿಗೆ 12.7 ಮಿಲಿಮೀಟರಿನ ಎರಡೇ ಬಂದೂಕು. ಅಮೆರಿಕದ ನಾಲ್ಕು ಎಂಜಿನ್ನಿನ ಬಾಂಬರ್‌ಗಳು ಗುಂಪು ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಎರಡು ಬಂದೂಕಿನಿಂದ ಏನು ಸಾಧ್ಯ? ಬಂದೂಕು ಹೆಚ್ಚಿಸಿದರೆ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಮತ್ತೆ ದೊಡ್ಡ ಎಂಜಿನ್ ಬೇಕು. ತಪ್ಪಿಸಿಕೊಂಡು ಬಂದ ಪ್ರಶ್ನೆಯೇ ಎದುರಿಗೆ ಬಂದು ನಿಂತಿತು.

ಹೆಗ್ಗಡದೇವನಕೋಟೆ ಕಾಡಿನ ಕಡೆಯ ಕೇಳುಗರಿಗೆ ಇನ್ನೊಂದು ಪ್ರಶ್ನೆ ಹುಟ್ಟಬಹುದು. ಮರದಲ್ಲೇ ಯುದ್ಧವಿಮಾನ ಆಗುವುದಾದರೆ ಕಾಕನಕೋಟೆಯ ತೇಗ, ಬೀಟೆಯಲ್ಲಿ ಏಕೆ ಆಗಬಾರದಿತ್ತು? ಹುಣಸೂರು ಹಿಂದೆಯೇ ಸೈನ್ಯಕ್ಕೆ ಸಾಮಾನು ಒದಗಿಸಿದ ಊರು. 19ನೆಯ ಶತಮಾನದಲ್ಲಿ ಬ್ರಿಟಿಷರ ಸೇನೆಗೆ ಬೇಕಾದ ತೊಗಲಿನ ಸರಕು, ಬಂಡಿಗಳು ಅಲ್ಲಿ ತಯಾರಾಗುತ್ತಿದ್ದವು. ಅಮೃತಮಹಲ್ ದನಗಳ ಇಲಾಖೆಯೂ ಅಲ್ಲಿತ್ತು. ಆದರೆ ಬಂಡಿಯ ಮರಕ್ಕೂ ವಿಮಾನದ ಮರಕ್ಕೂ ಬಹಳ ವ್ಯತ್ಯಾಸ. ತೇಗ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಬೀಟೆ ಇನ್ನೂ ಭಾರ. ರೆಕ್ಕೆಯ ತೊಲೆಗೆ ಬಳಸುತ್ತಿದ್ದ ಸ್ಪ್ರೂಸ್ ಎಂಬ ಚಳಿನಾಡಿನ ಮರ 400ರಿಂದ 450 ಕಿಲೋ ಮಾತ್ರ. ಅದರ ಎಳೆ ನೇರ, ಗಂಟು ಕಡಿಮೆ, ತೂಕಕ್ಕೆ ಹೋಲಿಸಿದರೆ ಬಿಗುವು ಹೆಚ್ಚು. ನಮ್ಮ ತೇಗದ ಹಿರಿಮೆ ಮಳೆ, ಗೆದ್ದಲು, ಕಾಲ ಇವನ್ನು ತಡೆದುಕೊಳ್ಳುವುದರಲ್ಲಿ. ಆಕಾಶದಲ್ಲಿ ಆ ಹಿರಿಮೆ ಅಷ್ಟಾಗಿ ನಡೆಯುವುದಿಲ್ಲ.

ಅಂಟಿನ ವಿಷಯ ಇನ್ನೂ ಸೂಕ್ಷ್ಮ. ಮರದ ವಿಮಾನವೆಂದರೆ ಮೊಳೆ ಹೊಡೆದ ಪೆಟ್ಟಿಗೆಯಲ್ಲ. ತೆಳುವಾದ ಪದರಗಳನ್ನು ಅಂಟಿಸಿ ಮಾಡಿದ ಪ್ಲೈವುಡ್. ಆ ಕಾಲದ ಅಂಟುಗಳಲ್ಲಿ ಒಂದು ಹಾಲಿನಿಂದ ತೆಗೆದ ಕೇಸೀನಿನದು. ಸೆಕೆ, ತೇವ ಎರಡೂ ಇರುವಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಬ್ರಿಟಿಷರ ಪ್ರಸಿದ್ಧ ಮರದ ವಿಮಾನ ಮಸ್ಕಿಟೋ ಭಾರತಕ್ಕೂ ಬಂದಿತ್ತು. 1944ರ ಕೊನೆಯ ಭಾಗದಲ್ಲಿ ಇಲ್ಲಿ ಅದರ ರೆಕ್ಕೆಗಳು ಬಿಟ್ಟುಕೊಂಡು ಅಪಘಾತಗಳಾದವು. ಹಾರಾಟವನ್ನೇ ನಿಲ್ಲಿಸಿ ಅಂಟಿನ ಜೋಡಣೆಗಳನ್ನೆಲ್ಲ ಪರೀಕ್ಷಿಸಬೇಕಾಯಿತು. ಹಾಗಾಗಿ ಮರ ಇದ್ದ ಮಾತ್ರಕ್ಕೆ ವಿಮಾನ ಆಗುವುದಿಲ್ಲ.

ದಾರ್ದೊ ಕಥೆ ಬೇಗ ಮುಗಿಯಿತು. 1943ರ ಜುಲೈಯಲ್ಲಿ ಮಿತ್ರಪಡೆಗಳು ಸಿಸಿಲಿಗೆ ಬಂದಿಳಿದವು. ಅದೇ ತಿಂಗಳು ಮುಸೊಲಿನಿ ಅಧಿಕಾರ ಕಳೆದುಕೊಂಡ. ಸೆಪ್ಟೆಂಬರ್ 8ರಂದು ಇಟಲಿ ಕದನವಿರಾಮ ಸಾರಿತು. ಮೂರು ಸಾವಿರದ ಆರ್ಡರ್ ಅಲ್ಲಿಗೆ ಬಿದ್ದುಹೋಯಿತು.

ಇನ್ನೊಂದು ಕಂಪನಿ ರೆಜ್ಜಾನೆ. ಅದರ ವಿನ್ಯಾಸಕಾರ ರೊಬೆರ್ತೋ ಲೋಂಗಿ, ಅಮೆರಿಕದಲ್ಲಿ ಕೆಲಸ ಮಾಡಿ ಬಂದವನು. ಅವನ 2005 ಎಂಬ ಫೈಟರ್ ಬಹಳ ಚೆಲುವಾದ ವಿಮಾನವೆಂದು ಹೆಸರಾಗಿತ್ತು. ಅದರ ಮುಂದಿನದು 2006. ಅದಕ್ಕೆ ಇನ್ನೂ ದೊಡ್ಡ ಜರ್ಮನ್ ಎಂಜಿನ್ ಬೇಕಿತ್ತು. ಮೈ ಕಟ್ಟಿದರೂ ಹಾರಲಿಲ್ಲ. ಆಮೇಲೆ 2007 ಎಂಬ ಹೆಸರು ಕೇಳಿಬರುತ್ತದೆ. ಅದು ಜರ್ಮನಿಯ ಯೂಮೋ ಎಂಜಿನ್ ಹಾಕಬೇಕೆಂದಿದ್ದ ಜೆಟ್ ಫೈಟರ್, ರೆಕ್ಕೆ ಹಿಂದಕ್ಕೆ ಬಾಗಿದ್ದು. ಯುದ್ಧದ ನಂತರ ಹೊರಬಂದ ಆ ನಕ್ಷೆಗಳನ್ನು ನಂಬುವವರೂ ಇದ್ದಾರೆ, ಆಮೇಲೆ ಹುಟ್ಟಿಸಿದ್ದೆಂದು ಅನುಮಾನಿಸುವ ಚರಿತ್ರಕಾರರೂ ಇದ್ದಾರೆ. ನಿಜವೇ ಆಗಿದ್ದರೂ ಫಲ ಏನಾಗುತ್ತಿತ್ತು? ನಿಕ್ಕಲ್, ಕೋಬಾಲ್ಟ್ ಸಿಗದೆ ಮಾಡಿದ ಆ ಯೂಮೋ ಎಂಜಿನ್ ಹತ್ತಾರು ಗಂಟೆ ಓಡುವಷ್ಟರಲ್ಲಿ ಬಿಚ್ಚಿ ರಿಪೇರಿಗೆ ಕೂರುತ್ತಿತ್ತು. ಅಷ್ಟಾದರೂ ಜರ್ಮನರಿಗೇ ಅದು ಸಾಲದಾಗಿತ್ತು. ಅದನ್ನು ಇಟಲಿಗೆ ಕೊಡುವವರು ಯಾರು?

ಒಟ್ಟು ಲೆಕ್ಕವನ್ನೂ ಕೇಳಿ. 1940ರಿಂದ 1943ರವರೆಗೆ ಇಟಲಿ ಕಟ್ಟಿದ ವಿಮಾನ ಎಲ್ಲ ಬಗೆಯವೂ ಸೇರಿ ಸುಮಾರು 11,000. ಅಮೆರಿಕ 1944ನೆಯ ಒಂದೇ ವರ್ಷದಲ್ಲಿ ಕಟ್ಟಿದ್ದು ಸುಮಾರು 96,000. ಒಳ್ಳೆಯ ನಕ್ಷೆಯಿಂದ ಈ ಅಂತರ ತುಂಬುವಂಥದ್ದಲ್ಲ.

ಈಗ ನಮ್ಮ ಬೆಂಗಳೂರಿಗೆ ಬರೋಣ.

1939ರಲ್ಲಿ ಪೆಸಿಫಿಕ್ ಸಾಗರದ ಮೇಲಿನ ವಿಮಾನಯಾನದಲ್ಲಿ ಇಬ್ಬರು ಭೇಟಿಯಾದರು. ಒಬ್ಬರು ಹಡಗು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಇನ್ನೊಬ್ಬ ಅಮೆರಿಕದ ವಿಲಿಯಂ ಪಾಲೆ, ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವನು. ಭಾರತದಲ್ಲೂ ಅಂಥದ್ದು ಏಕಾಗಬಾರದು ಎಂದು ಮಾತಾಯಿತು. ವಾಲ್‌ಚಂದ್ ಜಾಗ ಹುಡುಕುತ್ತಿದ್ದಾಗ ಮುಂದೆ ಬಂದದ್ದು ಮೈಸೂರು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆಗಷ್ಟೇ ಪಟ್ಟಕ್ಕೆ ಬಂದಿದ್ದವರು ಜಯಚಾಮರಾಜೇಂದ್ರ ಒಡೆಯರು. ಸಂಸ್ಥಾನ ಏಳುನೂರು ಎಕರೆ ಜಮೀನು ಕೊಟ್ಟಿತು. 1940ರ ಡಿಸೆಂಬರ್ 23ರಂದು ಕಂಪನಿ ನೋಂದಣಿಯಾಯಿತು. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ಹಾಕಿ ಪಾಲುದಾರನಾಯಿತು.

ಆರ್ಡರ್ ಪಟ್ಟಿ ದೊಡ್ಡದಿತ್ತು. ತರಬೇತಿಗೆ ಹಾರ್ಲೋ ವಿಮಾನ, 48 ಕರ್ಟಿಸ್ ಹಾಕ್ ಫೈಟರ್, 74 ವಲ್ಟೀ ಬಾಂಬರ್. 1941ರ ಆಗಸ್ಟಿನಲ್ಲಿ ಮೊದಲ ಹಾರ್ಲೋ ಹಾರಿತು. 1942ರ ಜುಲೈಯಲ್ಲಿ ಮೊದಲ ಹಾಕ್ ಹಾರಿತು. ಭಾರತದಲ್ಲಿ ಜೋಡಣೆಯಾಗಿ ಹಾರಿದ ಮೊದಲ ಫೈಟರ್ ಅದೇ.

ಆದರೆ ಜೋಡಣೆ ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಎಂಜಿನ್ ಅಮೆರಿಕದ ರೈಟ್ ಕಂಪನಿಯದು. ಲೋಹದ ತಗಡು, ಉಪಕರಣ, ನಕ್ಷೆ, ಯಂತ್ರಗಳು ಎಲ್ಲವೂ ಹಡಗಿನಲ್ಲಿ ಬರಬೇಕು. ಚೀನಾದ ಗಡಿಯಲ್ಲಿದ್ದ ಪಾಲೆಯ ಕಾರ್ಖಾನೆಗೆ ಜಪಾನೀಯರ ಬಾಂಬು ಬಿದ್ದ ಮೇಲೆ ಅಲ್ಲಿಗೆ ಸೇರಬೇಕಿದ್ದ ಭಾಗಗಳಲ್ಲಿ ಕೆಲವು ಬೆಂಗಳೂರಿಗೆ ತಿರುಗಿದವು. ಹೀಗೆ ಬಂದಷ್ಟರಲ್ಲಿ ಆದಷ್ಟು ವಿಮಾನ. ಆ ಹೊತ್ತಿಗೆ ಹಾಕ್ ಹಳೆಯ ವಿಮಾನವೂ ಆಗಿತ್ತು. ಬ್ರಿಟಿಷರು ಅದನ್ನು ಮೊಹಾಕ್ ಎಂದು ಕರೆದು, ಬೇರೆ ಒಳ್ಳೆಯದು ಸಿಗುವವರೆಗೆ ಅಸ್ಸಾಂ, ಬಂಗಾಳದ ಕಡೆ ಹಾರಿಸಿದರು.

1942ರ ಆರಂಭದಲ್ಲಿ ಸಿಂಗಪುರ ಬಿತ್ತು, ರಂಗೂನ್ ಬಿತ್ತು. ಯುದ್ಧ ಬಾಗಿಲಿಗೆ ಬಂದಾಗ ಸರ್ಕಾರ ಬೇರೆ ಲೆಕ್ಕ ಹಾಕಿತು. ಹೊಸ ವಿಮಾನವನ್ನು ಅಮೆರಿಕದಿಂದಲೇ ತರಿಸಬಹುದು. ಕೆಟ್ಟ ವಿಮಾನವನ್ನು ರಿಪೇರಿಗೆ ಅಮೆರಿಕಕ್ಕೆ ಕಳಿಸಲು ಆಗುವುದಿಲ್ಲ. ಆದ್ದರಿಂದ ಬೆಂಗಳೂರಿಗೆ ಬೇಕಾದದ್ದು ರಿಪೇರಿ ಶಾಲೆ. 1942ರ ಏಪ್ರಿಲಿನಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲನ್ನು ಉಳಿಸಿಕೊಂಡು, ಆಡಳಿತವನ್ನು ಯುದ್ಧ ಮುಗಿಯುವವರೆಗೆ ಬಿಟ್ಟುಕೊಟ್ಟಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಯಿತು. 48 ಹಾಕ್‌ಗಳ ಕನಸು ಅಲ್ಲಿಗೆ ನಿಂತಿತು.

ಸೋಲಲ್ಲವೆ ಇದು ಎಂದರೆ, ನಾನು ಅಲ್ಲ ಎನ್ನುತ್ತೇನೆ. ಎಲ್ಲ ಬಗೆಯ ವಿಮಾನ, ಎಲ್ಲ ಬಗೆಯ ಎಂಜಿನ್ ಆ ಶೆಡ್ಡುಗಳಿಗೆ ಬಂದವು. ಹಳ್ಳಿಗಳಿಂದ ಬಂದ ಫಿಟ್ಟರ್‌ಗಳು, ಟರ್ನರ್‌ಗಳು, ತಗಡು ಕೆಲಸದವರು ಅವನ್ನು ಬಿಚ್ಚಿದರು, ಅಳೆದರು, ಮತ್ತೆ ಕೂಡಿಸಿದರು. 48 ವಿಮಾನ ಜೋಡಿಸಿ ಮುಗಿಸಿದ್ದರೆ ಒಂದೇ ಬಗೆಯ ಕೆಲಸ ಕಲಿಯುತ್ತಿದ್ದರು. ರಿಪೇರಿಯಲ್ಲಿ ಕೈ ಪಳಗಿತು. ಪ್ರಸಿದ್ಧ ವಿಜ್ಞಾನಿ ಪ್ರಾಂಟ್ಲ್ ಅವರ ಬಳಿ ಜರ್ಮನಿಯಲ್ಲಿ ಓದಿ ಬಂದಿದ್ದ ಡಾ. ವಿ.ಎಂ. ಘಾಟಗೆ ಅದೇ ಕಾರ್ಖಾನೆಯಲ್ಲಿ ಹತ್ತು ಜನ ಕೂರಬಹುದಾದ ಗ್ಲೈಡರ್ ರೂಪಿಸಿದರು. ಗ್ಲೈಡರಿಗೆ ಎಂಜಿನ್ ಬೇಡ, ಅದನ್ನು ಗಮನಿಸಿ. ನಮ್ಮ ಕೈಯಲ್ಲಿದ್ದುದರಲ್ಲಿ ಆಗುವಂಥದ್ದು ಅದೇ ಆಗಿತ್ತು. 1942ರ ಡಿಸೆಂಬರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ಅದರ ಮೊದಲ ಹೊಣೆಯೂ ಘಾಟಗೆಯವರದೇ. 1951ರಲ್ಲಿ ಅವರ ತಂಡದ ಎಚ್.ಟಿ. 2 ಎಂಬ ತರಬೇತಿ ವಿಮಾನ ಹಾರಿತು. ಅದು ನಮ್ಮವರೇ ರೂಪಿಸಿ, ನಮ್ಮವರೇ ಕಟ್ಟಿದ್ದು.

ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಇಳಿಯಿತು. ತಗಡು ಬಗ್ಗಿಸಿ ರಿವೆಟ್ ಹೊಡೆಯಲು ಕಲಿತ ಕೈಗಳು ಸುಮ್ಮನೆ ಕೂರಲಿಲ್ಲ. ಅದೇ ಕಾರ್ಖಾನೆ ಮೂರನೇ ದರ್ಜೆ ಪ್ರಯಾಣಿಕರಿಗೆ ಪೂರ್ತಿ ಲೋಹದ ರೈಲು ಬೋಗಿಗಳನ್ನು ಕಟ್ಟಿತು. ಆ ವಿಭಾಗವೇ ಮುಂದೆ ಬಿ.ಇ.ಎಂ.ಎಲ್. ಕಂಪನಿಗೆ ಸೇರಿತು.

ಇಟಲಿಯಲ್ಲೂ ಹೀಗೇ ಆಯಿತು. ಪಿಯಾಜಿಯೋ ಕಂಪನಿ ಯುದ್ಧದಲ್ಲಿ ಬಾಂಬರ್ ಕಟ್ಟುತ್ತಿತ್ತು. ಅದರ ಪೋಂತೆದೇರಾ ಕಾರ್ಖಾನೆ ಬಾಂಬ್ ದಾಳಿಯಲ್ಲಿ ಹಾಳಾಯಿತು. ಅಲ್ಲಿ ಹೆಲಿಕಾಪ್ಟರ್ ಪ್ರಯೋಗ ಮಾಡುತ್ತಿದ್ದ ಕೊರ್ರಾದಿನೋ ದ'ಆಸ್ಕಾನಿಯೋ ಎಂಬ ಎಂಜಿನಿಯರ್ ಒಂದು ಸ್ಕೂಟರ್ ರೂಪಿಸಿದ. 1946ರಲ್ಲಿ ಬಂದ ವೆಸ್ಪಾ ಅದೇ. ಎರಡು ವರ್ಷದ ಮೇಲೆ ಅದರಿಂದಲೇ ಮೂರು ಚಕ್ರದ ಸಾಮಾನು ಗಾಡಿ ಹುಟ್ಟಿತು. ಅದರ ಹೆಸರು ಆಪೆ. ಹೌದು, ಹೊಗೆಸೊಪ್ಪು, ಎಳನೀರು, ಗೊಬ್ಬರ ಹೊತ್ತು ಪಿರಿಯಾಪಟ್ಟಣ, ಹುಣಸೂರಿನ ರಸ್ತೆಗಳಲ್ಲಿ ಓಡಾಡುವ ಅದೇ ಆಪೆ ಗೂಡ್ಸ್ ಆಟೋ. ಇಟಲಿಯ ಕಟ್ಟದ ಫೈಟರ್‌ಗಳು ನಮ್ಮೂರಿಗೆ ಬರಲಿಲ್ಲ. ವಿಮಾನ ಬಿಟ್ಟು ಗಾಡಿ ಮಾಡಿದವರ ಜಾಣತನ ಬಂತು.

ಆದರೆ ಎಂಜಿನ್ನಿನ ಪ್ರಶ್ನೆ ಹಾಗೇ ಉಳಿಯಿತು. 1956ರಲ್ಲಿ ಜರ್ಮನಿಯ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಮಾರುತ್ ಎಂಬ ಜೆಟ್ ಫೈಟರ್ ರೂಪಿಸಿದರು. 1961ರ ಜೂನ್ 17ರಂದು ಅದು ಹಾರಿತು. ಶಬ್ದದ ವೇಗದ ಎರಡರಷ್ಟು ಹೋಗಬೇಕೆಂದು ಯೋಚಿಸಿದ ವಿಮಾನ ಅದು. ಅದಕ್ಕೆ ಬೇಕಾಗಿದ್ದ ಶಕ್ತಿಯುತ ಓರ್ಫಿಯಸ್ ಎಂಜಿನ್ನನ್ನು ಬ್ರಿಟಿಷರು ಅರ್ಧಕ್ಕೆ ಬಿಟ್ಟರು. ಈಜಿಪ್ಟಿನ ಎಂಜಿನ್ ನೋಡಿದರು, ಅದೂ ಕೈಗೂಡಲಿಲ್ಲ. ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ ಮಾರುತ್ ಹಾರಿತು. ಒಟ್ಟು 147 ಕಟ್ಟಿದರು. 1971ರ ಯುದ್ಧದಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿತು. ಆದರೆ ಅದರ ಮೈಕಟ್ಟಿಗೆ ತಕ್ಕ ವೇಗವನ್ನು ಅದು ಎಂದೂ ಮುಟ್ಟಲಿಲ್ಲ.

ಇನ್ನೂ ಹತ್ತಿರದ ಮಾತು ಹೇಳುತ್ತೇನೆ. ತೇಜಸ್ ವಿಮಾನಕ್ಕೆ ನಮ್ಮದೇ ಎಂಜಿನ್ ಇರಲೆಂದು ಬೆಂಗಳೂರಿನ ಜಿ.ಟಿ.ಆರ್.ಇ. ಸಂಸ್ಥೆಗೆ 1989ರಲ್ಲಿ ಕೆಲಸ ಒಪ್ಪಿಸಿದರು. ಆ ಎಂಜಿನ್ನಿಗೆ ಇಟ್ಟ ಹೆಸರು ಕಾವೇರಿ, ಕೆ.ಆರ್. ನಗರದ ಪಕ್ಕದಲ್ಲೇ ಹರಿಯುವ ನಮ್ಮ ನದಿಯ ಹೆಸರು. 2001ರ ಜನವರಿ 4ರಂದು ತೇಜಸ್ ಹಾರಿದಾಗ ಒಳಗಿದ್ದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಿದರು.

ಏಕೆ ಇಷ್ಟು ಕಷ್ಟ? ಜೆಟ್ ಎಂಜಿನ್ನಿನ ಒಳಗೆ ಉರಿಯುವ ಅನಿಲದ ಕಾವು, ಅದರ ಎದುರಿಗೆ ತಿರುಗುವ ಅಲಗುಗಳ ಲೋಹ ಕರಗುವ ಕಾವಿಗಿಂತಲೂ ಹೆಚ್ಚು. ಆದರೂ ಅಲಗು ಕರಗಬಾರದು. ಅದಕ್ಕಾಗಿ ನಿಕ್ಕಲ್ ಮಿಶ್ರಲೋಹವನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಅಲಗಿನೊಳಗೆ ಕೂದಲೆಳೆಯಂಥ ದಾರಿಗಳನ್ನು ಬಿಟ್ಟು ಗಾಳಿ ಹಾಯಿಸಿ ತಂಪು ಮಾಡುತ್ತಾರೆ. ಇದು ನಕ್ಷೆ ನೋಡಿ ಕಲಿಯುವ ವಿದ್ಯೆಯಲ್ಲ. ಒಡೆದು, ಸುಟ್ಟು, ಮತ್ತೆ ಮಾಡಿ, ತಲೆಮಾರುಗಟ್ಟಲೆ ಕಲಿಯುವಂಥದ್ದು. ಈ ವಿದ್ಯೆ ಉಳ್ಳ ದೇಶಗಳು ಕೈಬೆರಳಿನಲ್ಲಿ ಎಣಿಸುವಷ್ಟಿವೆ. ಅವು ಅದನ್ನು ಸುಲಭವಾಗಿ ಹೇಳಿಕೊಡುವುದೂ ಇಲ್ಲ.

ಆದ್ದರಿಂದ ಕೇಳುಗರೇ, ಹೊಸ ಫೈಟರ್ ಬರುತ್ತದೆ, ಇಷ್ಟು ನೂರು ಕಟ್ಟುತ್ತಾರೆ ಎಂದು ಸುದ್ದಿ ಓದಿದಾಗ ಸಂಖ್ಯೆಗೆ ಮೊದಲು ಎಂಜಿನ್ ಯಾರದ್ದು ಎಂದು ಕೇಳಿ. ಮೂರು ಸಾವಿರದ ಆರ್ಡರ್ ಕೊಟ್ಟ ಇಟಲಿಯೂ, 48ರ ಆರ್ಡರ್ ಪಡೆದ ಮೈಸೂರೂ ಈ ಒಂದು ಪ್ರಶ್ನೆಯಲ್ಲೇ ಸಿಕ್ಕಿಬಿದ್ದವು. ನಿಮ್ಮ ಮನೆಯಲ್ಲಿ ಐ.ಟಿ.ಐ. ಅಥವಾ ಡಿಪ್ಲೊಮಾ ಓದುತ್ತಿರುವ ಹುಡುಗನೋ ಹುಡುಗಿಯೋ ಇದ್ದರೆ, ವಿಮಾನದ ಕನಸು ಕಾಣುತ್ತಿದ್ದರೆ, ರೆಕ್ಕೆಯ ಚಿತ್ರದ ಜೊತೆಗೆ ಲೋಹದ ವಿದ್ಯೆಯನ್ನೂ ತೋರಿಸಿ. ಎರಕ, ಬೆಸುಗೆ, ಕಾವು ಕೊಟ್ಟು ಉಕ್ಕು ಹದ ಮಾಡುವುದು, ಸಾವಿರದಲ್ಲಿ ಒಂದು ಭಾಗದ ಅಳತೆಗೆ ಲೇತ್ ನಡೆಸುವುದು, ಇವು ಹೆಸರು ತರುವ ಕೆಲಸಗಳಲ್ಲ. ಆದರೆ ನಮ್ಮ ಸಾಲ ಬಾಕಿ ಇರುವುದು ಅಲ್ಲಿಯೇ. ಅದನ್ನು ತೀರಿಸುವವರು ಈ ನಾಲ್ಕು ತಾಲ್ಲೂಕುಗಳಿಂದಲೂ ಹೊರಡಲಿ.